ನನ್ನ ವಸಡು, ನಮ್ಮನೆಯವರ ಸಕ್ಕರೆ

ಹಲಸೂರಿನ ನಮ್ಮ ಶಾಲೆಯ ಗೇಟಿನ ಮುಂದೆ ಒಂದು ಸೀಬೆಹಣ್ಣಿನ ಗಾಡಿ ನಿಲ್ಲುತ್ತದೆ. ಹಣ್ಣನ್ನು ಹೂವಿನ ಹಾಗೆ ಸೀಳಿ, ನಡುವೆ ಉಪ್ಪು ಖಾರದ ಪುಡಿ ತುಂಬಿ ಕೊಡುತ್ತಾರೆ. ಅದನ್ನು ತಿನ್ನಬೇಡಿ ಅಂತ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಹೇಳುವ ಜವಾಬ್ದಾರಿ ಕನ್ನಡದ ಟೀಚರಾದ ನನ್ನದು. ಮಧ್ಯಾಹ್ನ ಆಯಮ್ಮನ ಕೈಯಲ್ಲಿ ಒಂದು ತರಿಸಿ ಸ್ಟಾಫ್ ರೂಮಿನಲ್ಲಿ ತಿನ್ನುವವಳೂ ನಾನೇ.

ಅವತ್ತೂ ತರಿಸಿದ್ದೆ. ಒಂದು ಸಲ ಕಚ್ಚಿದೆ. ಪಕ್ಕದಲ್ಲಿ ಕೂತಿದ್ದ ಗಣಿತದ ಮೇಡಂ ಇಣುಕಿ ನೋಡಿ, "ಅದೃಷ್ಟ ನೋಡ್ರೀ ನಿಮ್ದು, ಕೆಂಪು ಸೀಬೆ ಸಿಕ್ಕಿದೆ. ನನಗೆ ಯಾವಾಗ್ಲೂ ಬಿಳೀದೇ ಬರುತ್ತೆ" ಅಂದರು.

ನಾನೂ ಹೆಮ್ಮೆಯಿಂದ ಹಣ್ಣು ತಿರುಗಿಸಿದೆ. ಇನ್ನೊಂದು ಪಕ್ಕ ಪೂರ್ತಿ ಬಿಳಿ. ಕಚ್ಚಿದ ಜಾಗ ಮಾತ್ರ ಕೆಂಪು. ಇಬ್ಬರೂ ಸ್ವಲ್ಪ ಹೊತ್ತು ಹಣ್ಣನ್ನೇ ನೋಡಿದೆವು. ಲೆಕ್ಕದವರಲ್ಲವೇ, ಉತ್ತರ ಮೊದಲು ಹೊಳೆದದ್ದು ಅವರಿಗೇ. "ಅಯ್ಯೋ ಮೇಡಂ, ಅದು ಹಣ್ಣಲ್ಲ, ನೀವು!" ಅಂತ ಕಿರುಚಿದರು. ಅಷ್ಟರಲ್ಲಿ ಹೆಡ್‌ಮೇಡಂ ಬಂದರು, ಪಿ.ಟಿ. ಮೇಷ್ಟ್ರು ಬಂದರು. ಎಲ್ಲರೂ ಸೇರಿ ನನ್ನ ಬಾಯಿ ತೆಗೆಸಿ ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ 'ಬಾಯಿ ಮುಚ್ಚಿ' ಅಂದವಳು ಆ ಮಧ್ಯಾಹ್ನ ಎಲ್ಲರ ಮುಂದೆ ಬಾಯಿ ತೆರೆದು ಕೂತಿದ್ದೆ.

ನಿಜ ಹೇಳಬೇಕೆಂದರೆ ಬ್ರಶ್ಶು ಗುಲಾಬಿ ಬಣ್ಣಕ್ಕೆ ತಿರುಗಿ ಕೆಲವು ತಿಂಗಳೇ ಆಗಿತ್ತು. ಬ್ರಶ್ಶು ಒರಟು ಅಂತ ಮೆತ್ತನೆಯದು ತಂದೆ. ಪೇಸ್ಟು ಸರಿಯಿಲ್ಲ ಅಂತ ಲವಂಗದ್ದು ತಂದೆ. ವಸಡಿನ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ನೋವಿದ್ದರೆ ತಾನೇ ಅನುಮಾನ?

ಶಾಲೆಯಿಂದ ಎರಡು ಬೀದಿ ಆಚೆ, ಪಾತ್ರೆ ಅಂಗಡಿಯೊಂದರ ಮಹಡಿಯಲ್ಲಿ, ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಾರೆ. ವಯಸ್ಸಿನಲ್ಲಿ ನನ್ನ ಹಳೇ ವಿದ್ಯಾರ್ಥಿನಿಯರಷ್ಟೇ. ನರ್ಸಿನ ಹತ್ತಿರ ತಮಿಳು, ಫೋನಿನಲ್ಲಿ ಇಂಗ್ಲಿಷು, ನನ್ನ ಹತ್ತಿರ ಕನ್ನಡ, ಮೂರನ್ನೂ ಒಂದೇ ಉಸಿರಿನಲ್ಲಿ ಮಾತಾಡಿದರು. ಸಣ್ಣದೊಂದು ಕಡ್ಡಿಯಿಂದ ವಸಡನ್ನು ಅಲ್ಲಲ್ಲಿ ಒತ್ತಿ ನೋಡಿ, ಮಾಸ್ಕು ಕೆಳಗಿಳಿಸಿ, "ಮೇಡಂ, ಶುಗರ್ ಟೆಸ್ಟ್ ಮಾಡಿಸಿದೀರಾ?" ಅಂತ ಕೇಳಿದರು.

ನನಗೆ ಸಿಟ್ಟು ಬಂತು. ಹಲ್ಲು ತೋರಿಸೋಕೆ ಬಂದರೆ ಸಕ್ಕರೆ ಕೇಳ್ತಾರಲ್ಲ! "ಶುಗರ್ ನಮ್ಮನೆಯವ್ರಿಗೆ ಇರೋದು. ನನಗಿಲ್ಲ" ಅಂದೆ. ಮನೆಗೆ ಒಬ್ಬರಿಗೆ ಅಂತ ಹಂಚಿಕೊಟ್ಟ ರೇಷನ್ನಿನ ಹಾಗೆ.

"ಇರಬಹುದು. ಆದ್ರೂ ಒಂದ್ಸಲ ನೋಡ್ಸಿ" ಅಂದರು ಡಾಕ್ಟರಮ್ಮ. "ಶುಗರ್ ಜಾಸ್ತಿ ಇದ್ರೆ ವಸಡು ಊದ್ಕೊಳ್ಳುತ್ತೆ, ಬೇಗ ವಾಸಿ ಆಗಲ್ಲ. ವಸಡು ಊದ್ಕೊಂಡೇ ಇದ್ರೆ ಶುಗರ್ರೂ ಕಂಟ್ರೋಲಿಗೆ ಬರಲ್ಲ. ಒಂದಕ್ಕೊಂದು ಹಿಡ್ಕೊಂಡಿರುತ್ತೆ."

ಟೆಸ್ಟು ಮಾಡಿಸಿದೆ. ಶುಗರ್ ಬಂತು. ತುಂಬಾ ಏನಲ್ಲ, ಆದರೆ ಇಲ್ಲ ಅನ್ನುವ ಹಾಗೂ ಇರಲಿಲ್ಲ.

ಮನೆಗೆ ಹೋಗಿ ವಿಷಯ ಹೇಳಿದಾಗ ನಮ್ಮನೆಯವರ ಮುಖದಲ್ಲಿ ಕಂಡದ್ದು ಸಂತೋಷವಲ್ಲ ಅಂತ ನಾನು ಈಗಲೂ ನಂಬೋಕೆ ಪ್ರಯತ್ನಪಡುತ್ತೇನೆ. ಕಾಫಿ ಲೋಟ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, "ಈಗ ಬಂದ್ಯಾ ದಾರಿಗೆ" ಅಂದರು.

ಇವರ ಬಗ್ಗೆ ಸ್ವಲ್ಪ ಹೇಳಬೇಕು. ವಿಮಾನಪುರದ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ಸೆಕ್ಷನ್ನಿನಲ್ಲಿದ್ದು ರಿಟೈರ್ ಆದವರು. ವಿಮಾನಕ್ಕೆ ಹೋಗುವ ಬೋಲ್ಟು, ಬುಷ್ಷು, ಎಲ್ಲವನ್ನೂ ಅಳೆದು ಪಾಸು ಅಥವಾ ರಿಜೆಕ್ಟು ಅನ್ನುವುದು ಕೆಲಸ. ಇವರು ಪಾಸ್ ಅನ್ನದೆ ಯಾವ ಬೋಲ್ಟೂ ಆಕಾಶ ನೋಡಿಲ್ಲ ಅನ್ನುವುದು ಇವರದೇ ಮಾತು. ರಿಟೈರ್ ಆದ ಮೇಲೆ ಅಳೆಯೋಕೆ ಬೋಲ್ಟಿರಲಿಲ್ಲ, ನಾವಿದ್ದೆವು. ದೊಮ್ಮಲೂರಿನ ಹಳೇ ಊರಿನ ಗಲ್ಲಿಯಲ್ಲಿ ನಮ್ಮದು ನಾಲ್ಕಂತಸ್ತಿನ ಮನೆ. ಕೆಳಗೆ ನಾವು ಮತ್ತು ನಮ್ಮತ್ತೆ, ಮೇಲೆಲ್ಲ ಬಾಡಿಗೆಗೆ ಕಂಪ್ಯೂಟರ್ ಕಂಪನಿಗಳ ಹುಡುಗಿಯರು. ಇವರ ಬೀರುವಿನಲ್ಲಿ ಮಕಮಲ್ಲಿನ ಡಬ್ಬಿಯೊಂದರಲ್ಲಿ ಕೂದಲೆಳೆಯ ದಪ್ಪವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಮಲಗಿತ್ತು. ನನಗೆ ಶುಗರ್ ಬಂದ ಮಾರನೇ ದಿನ ಅದು ಎದ್ದು ಅಡುಗೆಮನೆಗೆ ಬಂತು.

ಇವರಿಗೆ ಶುಗರ್ ಬಂದು ಬಹಳ ವರ್ಷವಾಗಿತ್ತು. ಹಾಗಾಗಿ ಸೀನಿಯರ್. "ಚಪಾತಿ ದಪ್ಪ ಜಾಸ್ತಿ ಆಯ್ತು" ಅಂತ ತವೆಯ ಪಕ್ಕದಲ್ಲಿ ನಿಂತು ಅಳೆಯುತ್ತಿದ್ದರು. "ಟಾಲರೆನ್ಸ್ ಮೀರಿದೆ."

"ಹಸಿವೂ ಟಾಲರೆನ್ಸ್ ಮೀರಿದೆ ಕಣ್ರೀ" ಅಂತ ನಾನು ಅಳೆದ ಚಪಾತಿಯನ್ನು ಅವರ ತಟ್ಟೆಗೇ ಹಾಕಿದೆ.

ಮುದ್ದೆಯ ಸುತ್ತಳತೆ ತೆಗೆಯಲು ಬಂದಾಗ ನಮ್ಮತ್ತೆ ಸೌಟು ತೋರಿಸಿದರು. ಎಂಬತ್ತು ದಾಟಿದ ನಮ್ಮತ್ತೆಯ ಬಾಯಲ್ಲಿ ಮುಂದಿನ ಎರಡು ಹಲ್ಲು ಬಿಟ್ಟರೆ ಏನೂ ಇಲ್ಲ. ಮುದ್ದೆಗೆ ಹಲ್ಲು ಬೇಕಿಲ್ಲವಾದ್ದರಿಂದ ಅವರಿಗೆ ಅದು ಕೊರತೆ ಅಂತ ಅನಿಸಿಯೂ ಇರಲಿಲ್ಲ. ಶುಗರ್ ಇಲ್ಲ, ಬೀಪಿ ಇಲ್ಲ. ಇವರ ಪಾಲಿಗೆ ಅಮ್ಮ ಒಂದು ದೊಡ್ಡ ತಲೆನೋವು. ಯಾವ ಪಥ್ಯವೂ ಇಲ್ಲದೆ ಆರೋಗ್ಯವಾಗಿದ್ದರು.

ಇವರ ಪಥ್ಯದಲ್ಲಿ ಒಂದೇ ತೊಂದರೆ. ಎಷ್ಟು ಅಳೆದರೂ ಇವರ ಶುಗರ್ ಮಾತ್ರ ಇಳಿಯುತ್ತಿರಲಿಲ್ಲ. ಇಂದಿರಾನಗರದ ಶುಗರ್ ಡಾಕ್ಟರು ಮಾತ್ರೆ ಏರಿಸುತ್ತಾ ಬಂದಿದ್ದರು. ಇವರು ಮಾತ್ರೆಯನ್ನೂ ನಂಬಲಿಲ್ಲ, ಡಾಕ್ಟರನ್ನೂ ನಂಬಲಿಲ್ಲ. ಶುಗರ್ ನೋಡುವ ಮೆಷಿನ್ನಿನದೇ ತಪ್ಪು ಅಂತ ವಾದಿಸುತ್ತಿದ್ದರು. "ಕ್ಯಾಲಿಬ್ರೇಷನ್ ಸರಿ ಇಲ್ಲ. ನಮ್ಮ ಫ್ಯಾಕ್ಟರೀಲಿ ಇಂಥ ಮೆಷಿನ್ನನ್ನ ಒಳಗೇ ಬಿಡ್ತಿರಲಿಲ್ಲ."

ಅಷ್ಟರಲ್ಲಿ ಇವರಿಗೆ ಫೋನಿನಲ್ಲಿ ಯಾವುದೋ ವಿಡಿಯೋದಿಂದ ಒಂದು ಪದ ಸಿಕ್ಕಿತು. ಉರಿಯೂತ.

ಕನ್ನಡದ ಟೀಚರ್ ನಾನು, ಆ ಪದ ನನಗೆ ಹೊಸದಲ್ಲ. ಗಾಯವಾದ ಕಡೆ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವುದು. ಇವರಿಗೆ ಮಾತ್ರ ಅದು ಸ್ವಂತ ಮಗುವಿನಷ್ಟು ಹೊಸದು. ಮಂಡಿ ನೋವು ಉರಿಯೂತ. ನನ್ನ ವಸಡು ಉರಿಯೂತ. ಮೇಲಿನ ಮನೆಯ ಹುಡುಗಿ ನೀರು ಬಂದಿಲ್ಲ ಅಂತ ಜಗಳಕ್ಕೆ ಬಂದರೆ ಅದೂ ಉರಿಯೂತ. ಒಂದು ಸಂಜೆ ಹಾಲ್‌ನಲ್ಲಿ ನಿಂತು, "ಎಲ್ಲಾ ಕಾಯಿಲೆಗೂ ಮೂಲ ಉರಿಯೂತ ಕಣೇ. ನಾವು ಇನ್ಮೇಲೆ ಉರಿಯೂತಕ್ಕೆ ವಿರುದ್ಧವಾಗಿ ಊಟ ಮಾಡ್ಬೇಕು" ಅಂತ ಘೋಷಿಸಿದರು.

ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆಯ ಕಿವಿಗೆ ಬಿದ್ದದ್ದೇ ಬೇರೆ. "ಊರಿಗೂಟವೇನ್ಲಾ? ಯಾರು ಹಾಕುಸ್ತಾವ್ರೆ?"

"ಊರಿಗೂಟ ಅಲ್ಲಮ್ಮ, ಉರಿಯೂತ!"

"ಅದೇ ಕಣೋ. ಯಾವತ್ತು?"

ಅವತ್ತು ಬಿಡಿಸಿ ಹೇಳೋಕೆ ಇವರಿಗೆ ತಾಳ್ಮೆ ಇರಲಿಲ್ಲ. ನಮ್ಮತ್ತೆ ಒಂದು ವಾರ ಸೀರೆ ಮಡಿಸಿಟ್ಟುಕೊಂಡು ಕಾದರು.

ಉರಿಯೂತದ ಯುದ್ಧ ಹೀಗೆ ಶುರುವಾಯಿತು. ಅಗಸೆ ಬೀಜ ಬಂತು. ಬಾದಾಮಿ, ಶೇಂಗಾ, ಹಸಿ ಕ್ಯಾರೆಟ್ಟು, ಸೌತೆಕಾಯಿ, ನುಗ್ಗೆ ಸೊಪ್ಪು ಬಂದವು. ವಿಟಮಿನ್ ಸಿ ವಸಡಿಗೆ ಒಳ್ಳೆಯದು ಅಂತ ನೆಲ್ಲಿಕಾಯಿಯ ರಾಶಿಯೇ ಬಂತು. ರಕ್ತ ಬರುತ್ತಿರುವ ವಸಡಿನ ಮೇಲೆ ನೆಲ್ಲಿಕಾಯಿ ಇಟ್ಟು ಕಚ್ಚಿ ನೋಡಿ, ಆಮೇಲೆ ನನ್ನ ಹತ್ತಿರ ಗಂಡನ ಪ್ರೀತಿಯ ಬಗ್ಗೆ ಮಾತಾಡಿ. ವಿಟಮಿನ್ ಡಿಗೆ ಬಿಸಿಲು ಬೇಕು ಅಂತ ಚಡ್ಡಿ ಹಾಕಿಕೊಂಡು ಟೆರೇಸಿನ ಮೇಲೆ ಚಾಪೆ ಹಾಸಿ ಮಲಗಿದರು. ಬಟ್ಟೆ ಒಣಗಿಸೋಕೆ ಬಂದ ಹುಡುಗಿಯರು ಮೆಟ್ಟಿಲಲ್ಲೇ ಹಿಂದಕ್ಕೆ ಹೋದರು. ಮಧ್ಯಾಹ್ನ ಒಬ್ಬಳು ಬಂದು, "ಆಂಟಿ, ಅಂಕಲ್ ಹುಷಾರಾಗಿದಾರಾ? ಬೆಳಗ್ಗೆ ಟೆರೇಸಲ್ಲಿ ಬಿದ್ದಿದ್ರು" ಅಂತ ಮೆಲ್ಲಗೆ ಕೇಳಿದಳು. ಅವತ್ತಿಗೆ ವಿಟಮಿನ್ ಡಿ ನಿಂತಿತು.

ಇಷ್ಟರ ನಡುವೆ ನಾನು ಡಾಕ್ಟರಮ್ಮನ ಹತ್ತಿರ ಹೋಗಿ ಹಲ್ಲಿನ ಬುಡವೆಲ್ಲ ಕ್ಲೀನ್ ಮಾಡಿಸಿಕೊಂಡು ಬರುತ್ತಿದ್ದೆ. ಊಟದ ವಿಷಯ ಕೇಳಿದಾಗ ಅವರು ನಕ್ಕರು. "ನಿಮ್ಮೆಜಮಾನ್ರು ಹೇಳೋದು ಸುಳ್ಳಲ್ಲ ಮೇಡಂ. ಸೊಪ್ಪು, ತರಕಾರಿ, ಕಾಳು, ಮೀನು ಎಲ್ಲಾ ಒಳ್ಳೇದೇ. ವಸಡು ವಾಸಿ ಆಗೋಕೆ ಸಹಾಯ ಮಾಡುತ್ತೆ. ಆದ್ರೆ ಹಲ್ಲಿನ ಬುಡದಲ್ಲಿ ಗಾರೆ ಥರ ಕೂತಿರೋ ಕೊಳೇನ ಯಾವ ಬಾದಾಮೀನೂ ತೆಗೆಯಲ್ಲ. ಅದನ್ನ ನಾನೇ ತೆಗೀಬೇಕು." ಮನೆಗೆ ಬಂದು ಹೇಳಿದರೆ ಇವರು ಒಪ್ಪಲಿಲ್ಲ. ಅದೆಲ್ಲ ಹಲ್ಲಿನವರ ವ್ಯಾಪಾರ ಅಂದರು.

ಒಂದು ಭಾನುವಾರ ಒಮೆಗಾ ಅನ್ನುವ ಕೊಬ್ಬು ಹುಡುಕಿಕೊಂಡು ಇಬ್ಬರೂ ಶಿವಾಜಿನಗರದ ಮಾರ್ಕೆಟ್ಟಿಗೆ ಹೋದೆವು. ಮೀನಿನ ಸಾಲಿನಲ್ಲಿ ನಮಗೆ ಗೊತ್ತಿರುವ ಒಬ್ಬ ಸಾಹೇಬರಿದ್ದಾರೆ, ಬಿಳಿ ಗಡ್ಡ, ಮೀನಿಗಿಂತ ಜೋರಾಗಿ ಹೊಳೆಯುವ ಕಣ್ಣು. ಇವರು ಹೋಗಿ ಗಂಭೀರವಾಗಿ, "ಒಮೆಗಾ ತ್ರೀ ಯಾವುದ್ರಲ್ಲಿದೆ ಸಾಹೇಬ್ರೇ?" ಅಂತ ಕೇಳಿದರು.

ಸಾಹೇಬರು ಐಸಿನ ಮೇಲೆ ಕಣ್ಣಾಡಿಸಿದರು. "ಒಮೇಗಾ ಇವತ್ತು ಬಂದಿಲ್ಲ ಸಾರ್. ಬಂಗುಡೆ ಇದೆ, ಮತ್ತಿ ಇದೆ."

"ಅಲ್ರೀ, ಒಮೆಗಾ ಮೀನಲ್ಲ. ಮೀನಿನ ಒಳಗಿರೋದು."

"ಒಳಗೆ ಇರೋದು ನಾವು ಕ್ಲೀನ್ ಮಾಡಿ ಬಿಸಾಕ್ತೀವಿ ಸಾರ್. ನಿಮಗೆ ಬೇಕಾದ್ರೆ ಹಂಗೇ ಕೊಡ್ತೀನಿ, ಕ್ಲೀನಿಂಗ್ ಇಲ್ಲದೆ."

ಸುತ್ತ ನಿಂತವರು ನಕ್ಕರು. ಇವರಿಗೆ ಅವಮಾನವಾಯಿತು. ನನ್ನನ್ನು ಮತ್ತಿ ಮೀನಿನ ಜೊತೆ ಬಿಟ್ಟು, "ನಾನು ಅಗಸೆ ಬೀಜ ನೋಡ್ಕೊಂಡು ಬರ್ತೀನಿ" ಅಂತ ಹೊರಟರು. ಮೀನು ಕ್ಲೀನ್ ಮಾಡಿಸಿ, ಚೀಲದಲ್ಲಿ ಹಾಕಿಸಿಕೊಂಡು, ಎಷ್ಟು ಹೊತ್ತು ಕಾದರೂ ಆಸಾಮಿ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಹುಡುಕಿಕೊಂಡು ಹೊರಟೆ. ಕಾಳಿನ ಅಂಗಡಿಯಲ್ಲಿ ಇಲ್ಲ. ಹಣ್ಣಿನ ಸಾಲಿನಲ್ಲಿ ಇಲ್ಲ. ರಸ್ತೆ ದಾಟಿ ಮೂಲೆಯ ಚಾ ಅಂಗಡಿ ಮುಂದೆ ಬಂದಾಗ ಪರಿಚಯದ ಬೆನ್ನೊಂದು ಕಂಡಿತು.

ನಮ್ಮನೆಯವರು ಗೋಡೆಯ ಕಡೆ ತಿರುಗಿ ಕೂತಿದ್ದರು. ಮುಂದೆ ದಪ್ಪ ಹಾಲಿನ ಚಾ. ಕೈಯಲ್ಲಿ ಸಿಹಿ ಬನ್ನು. ಅದನ್ನು ಚೂರು ಚೂರೇ ಹರಿದು, ಚಾದಲ್ಲಿ ಚೆನ್ನಾಗಿ ಅದ್ದಿ, ಮೆತ್ತಗಾಗುವ ತನಕ ಕಾದು, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ತಟ್ಟೆಯಲ್ಲಿ ಇನ್ನೊಂದು ಬನ್ನು ಸರದಿಗೆ ಕಾಯುತ್ತಿತ್ತು.

"ಇದ್ರಲ್ಲಿ ಯಾವ ಒಮೆಗಾ ಇದೆ?" ಅಂತ ಹಿಂದಿನಿಂದ ಕೇಳಿದೆ.

ಬನ್ನು ಚಾದೊಳಗೆ ಬಿತ್ತು.

ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಮೀನಿನ ಚೀಲದಲ್ಲೇ ಹೊಡೆಯುತ್ತಿದ್ದೆನೋ ಏನೋ. ನನಗೆ ಹಸಿ ಕ್ಯಾರೆಟ್ಟು ಕಡಿಸಿ, ನೆಲ್ಲಿಕಾಯಿ ಕಚ್ಚಿಸಿ, ಚಪಾತಿಗೆ ವರ್ನಿಯರ್ ಹಾಕಿ, ಇಲ್ಲಿ ಬಂದು ಬನ್ನು! ಎದುರು ಕುರ್ಚಿ ಎಳೆದು ಕೂತು ಒಂದಿಷ್ಟು ಬಯ್ದೆ. ಇವರು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು. ಇವರು ಎದುರು ಮಾತಾಡದೆ ಕೇಳಿಸಿಕೊಂಡದ್ದೇ ನನಗೆ ವಿಚಿತ್ರ ಅನಿಸಿ ನಿಲ್ಲಿಸಿದೆ.

"ಕಚ್ಚಕ್ಕಾಗಲ್ಲ ಕಣೇ" ಅಂದರು, ತುಂಬಾ ಮೆಲ್ಲಗೆ.

"ಏನು?"

"ಕ್ಯಾರೆಟ್ಟು, ಬಾದಾಮಿ, ಯಾವ್ದೂ ಕಚ್ಚಕ್ಕಾಗಲ್ಲ. ಎಡಗಡೆ ಎರಡು ಹಲ್ಲು ಅಲ್ಲಾಡುತ್ವೆ. ಬಲಗಡೆ ಒತ್ತಿದ್ರೆ ನೋವು. ಹೊಟ್ಟೆ ಹಸಿಯುತ್ತಲ್ಲ. ಮೆತ್ತಗಿರೋದು ಮಾತ್ರ ಇಳಿಯುತ್ತೆ."

ಒಂದೊಂದಾಗಿ ನೆನಪಾಗತೊಡಗಿತು. ಬಾದಾಮಿ ನೆನೆಸಿ ಸಿಪ್ಪೆ ಸುಲಿದು "ನೀನು ತಿನ್ನು, ನಿನಗೆ ಬೇಕು" ಅಂತ ನನ್ನ ತಟ್ಟೆಗೆ ಹಾಕುತ್ತಿದ್ದದ್ದು. ಅಳೆದ ಚಪಾತಿಯನ್ನು ಸಾರಿನಲ್ಲಿ ಮುಳುಗಿಸಿ ಕಾಯುತ್ತಿದ್ದದ್ದು. ರಾತ್ರಿ ಹಸಿವಿಲ್ಲ ಅಂತ ಹೇಳಿ, ಬಾಳೆಹಣ್ಣೋ ಮೊಸರನ್ನವೋ ತಿಂದು ಏಳುತ್ತಿದ್ದದ್ದು. ಬಾಡೂಟಕ್ಕೆ ಹೋದಾಗ ಮೂಳೆಯೆಲ್ಲ ಪಕ್ಕದವರ ಎಲೆಗೆ ದಾನ ಮಾಡುತ್ತಿದ್ದದ್ದು. ನಾನು ಇದನ್ನೆಲ್ಲ ಪ್ರೀತಿ ಅಂತಲೋ ಶಿಸ್ತು ಅಂತಲೋ ತಿಳಿದಿದ್ದೆ. ಮನುಷ್ಯನಿಗೆ ಅಗಿಯೋಕೆ ಆಗುತ್ತಿರಲಿಲ್ಲ, ಅಷ್ಟೇ. ಗಟ್ಟಿ ಪದಾರ್ಥ ಬಿಟ್ಟು ಮೆತ್ತಗಿನದು ಹಿಡಿದಿದ್ದರು. ಮೆತ್ತಗಿನದೆಲ್ಲ ನೇರ ಸಕ್ಕರೆಗೆ ಹೋಗುತ್ತಿತ್ತು.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ."

"ಹೋದ್ರೇನು?"

"ಡ್ರಿಲ್ ಹಾಕ್ತಾರೆ" ಅಂದರು. "ನಾನು ಸರ್ವೀಸಿನುದ್ದಕ್ಕೂ ಡ್ರಿಲ್ ನೋಡಿದೀನಿ ಕಣೇ. ಆಪರೇಟರು ಒಂದು ಸಲ ಆಕಳಿಸಿದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ಲ. ನನಗೆ ಗೊತ್ತು."

ನಗುವೂ ಬಂತು, ಅಳುವೂ ಬಂತು. ಚಾದೊಳಗೆ ಬಿದ್ದಿದ್ದ ಬನ್ನನ್ನು ಚಮಚದಲ್ಲಿ ತೆಗೆದು ಅವರಿಗೇ ಕೊಟ್ಟೆ. ಎರಡನೆಯದನ್ನು ನಾನು ತಿಂದೆ. ಚೆನ್ನಾಗಿತ್ತು.

ಡಾಕ್ಟರಮ್ಮನ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು ಸುಲಭವಾಗಿತ್ತು, ಇವರನ್ನು ಅಲ್ಲಿಗೆ ತಲುಪಿಸುವುದು ಮಾತ್ರ ಕಷ್ಟ. ಮೊದಲ ಸಲ ಆಟೋ ಹತ್ತಿದ ಮೇಲೆ ಗ್ಯಾಸ್ ಆಫ್ ಮಾಡಿದ್ದು ನೆನಪಿಲ್ಲ ಅಂತ ವಾಪಸ್ ತಿರುಗಿಸಿದರು. ಎರಡನೇ ಸಲ ಹಲಸೂರು ತನಕ ಬಂದರು. ಮೆಟ್ಟಿಲು ಹತ್ತುವಾಗ ಮೇಲಿನಿಂದ ಡ್ರಿಲ್ಲಿನ ಕೀರಲು ಸದ್ದು ಕೇಳಿತು. ನಾನು ಹೆಸರು ಹೇಳಿ ತಿರುಗಿ ನೋಡಿದರೆ ಬೆಂಚು ಖಾಲಿ. ಕೆಳಗೆ ಪಾತ್ರೆ ಅಂಗಡಿಯಲ್ಲಿ ಸಿಕ್ಕರು. ಕುಕ್ಕರಿನ ಮುಚ್ಚಳವೊಂದನ್ನು ಬೆಳಕಿಗೆ ಹಿಡಿದು, "ಈ ಫಿನಿಶಿಂಗ್ ನೋಡ್ರಿ, ಇದು ಪಾಸೇ ಆಗ್ಬಾರ್ದು" ಅಂತ ಅಂಗಡಿಯವರ ಜೊತೆ ವಾದ ಮಾಡುತ್ತಿದ್ದರು. ಅಂಗಡಿಯವರು ನನ್ನನ್ನು ಕಂಡು ಕೈ ಮುಗಿದು, "ಕರ್ಕೊಂಡ್ಹೋಗಮ್ಮ" ಅಂದರು.

ಕೊನೆಗೆ ಕುರ್ಚಿಯಲ್ಲಿ ಮಲಗಿಸಿದ್ದಾಯಿತು. ಕುರ್ಚಿಯ ಎರಡೂ ತೋಳುಗಳನ್ನು ಭದ್ರವಾಗಿ ಹಿಡಿದು, ಟೇಕಾಫಿಗೆ ಕಾಯುವವರ ಹಾಗೆ ಮಲಗಿದ್ದರು. ಡಾಕ್ಟರಮ್ಮ, "ಇವತ್ತು ಡ್ರಿಲ್ ಇಲ್ಲ ಅಂಕಲ್. ಬರೀ ಅಳತೆ" ಅಂದರು.

"ಅಳತೆ?" ಇವರ ಒಂದು ಕಣ್ಣು ತೆರೆಯಿತು.

"ಹೌದು. ಹಲ್ಲಿಗೂ ವಸಡಿಗೂ ಮಧ್ಯ ಜೇಬಿನ ಥರ ಸಂದು ಆಗಿರುತ್ತೆ. ಎಷ್ಟು ಆಳ ಇದೆ ಅಂತ ನೋಡ್ತೀನಿ." ಅದೇ ಸಣ್ಣ ಕಡ್ಡಿಯನ್ನು ಒಳಗಿಟ್ಟು, ನರ್ಸಿಗೆ ಬರೆದುಕೊಳ್ಳಲು ಹೇಳತೊಡಗಿದರು. "ನಾಲ್ಕು. ಐದು. ಐದು. ಆರು."

ನಮ್ಮನೆಯವರು ಕೈಯೆತ್ತಿ ನಿಲ್ಲಿಸಿದರು. ಬಾಯಿಂದ ಹತ್ತಿ ತೆಗೆದು ಎದ್ದು ಕೂತರು. "ಮಿಲಿಮೀಟರಾ?"

"ಹೌದು ಅಂಕಲ್."

"ಲೀಸ್ಟ್ ಕೌಂಟ್ ಎಷ್ಟು? ಅಂದ್ರೆ ಇದ್ರಲ್ಲಿ ಅಳೆಯೋಕಾಗೋ ಅತಿ ಚಿಕ್ಕ ಅಳತೆ?"

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಕ್ಷಮೆ ಕೇಳಿದೆ. ಆದರೆ ಆ ಹುಡುಗಿ ಜಾಣೆ. ಕಡ್ಡಿಯನ್ನು ಇವರ ಕೈಗೇ ಕೊಟ್ಟು, ಅದರ ಮೇಲಿನ ಗೆರೆಗಳನ್ನು ತೋರಿಸಿದರು. ಇವರು ಕನ್ನಡಕ ಕೇಳಿ ಹಾಕಿಕೊಂಡು, ತಿರುಗಿಸಿ ತಿರುಗಿಸಿ ನೋಡಿ, "ಒಳ್ಳೇ ಗೇಜು" ಅಂದರು. ಕಾರ್ಖಾನೆ ಬಿಟ್ಟ ಮೇಲೆ ಅವರ ಬಾಯಲ್ಲಿ ಅಷ್ಟು ಗೌರವದ ಮಾತು ನಾನು ಕೇಳಿರಲಿಲ್ಲ. "ನಾರ್ಮಲ್ ಎಷ್ಟಿರ್ಬೇಕು?"

"ಮೂರರ ಒಳಗೆ ಇದ್ರೆ ಚೆನ್ನಾಗಿದೆ ಅಂತ."

"ಹಂಗಾದ್ರೆ ಆರು ಅಂದ್ರೆ ಔಟ್ ಆಫ್ ಲಿಮಿಟ್!" ಇವರ ದನಿಯಲ್ಲಿ ನಿಜವಾದ ಗಾಬರಿ. ನೋವಾದಾಗ ಬರದ ಗಾಬರಿ. ತಮ್ಮದೇ ಬಾಯಿ ತಮ್ಮದೇ ಇನ್ಸ್‌ಪೆಕ್ಷನ್ನಿನಲ್ಲಿ ಫೇಲಾಗಿತ್ತು. ವಾಪಸ್ ಮಲಗಿ, "ಎಲ್ಲಾ ಹಲ್ಲೂ ನೋಡ್ಬಿಡಿ. ಒಂದೂ ಬಿಡ್ಬೇಡಿ. ಜೋರಾಗಿ ಓದಿ" ಅಂದರು.

ಅಳತೆ ಮುಗಿಯುವ ಹೊತ್ತಿಗೆ ಹೊರಗೆ ಕಾಯುತ್ತಿದ್ದವರೂ ಕಿವಿಕೊಟ್ಟು ಕೇಳುತ್ತಿದ್ದರು. ಏಳು ಅಂದಾಗ ಒಬ್ಬರು ಲೊಚ್ ಅಂದರು.

"ಹೇಳಿ ಡಾಕ್ಟ್ರೇ, ರಿಜೆಕ್ಟಾ, ರೀವರ್ಕಾ?" ಅಂತ ಇವರು ಕೇಳಿದರು.

ಡಾಕ್ಟರಮ್ಮನಿಗೆ ಅಷ್ಟು ಹೊತ್ತಿಗೆ ಭಾಷೆ ಹಿಡಿದಿತ್ತು. "ಎಡಗಡೆ ಹಿಂದಿನದು ಒಂದು ರಿಜೆಕ್ಟ್. ಉಳಿದಿದ್ದೆಲ್ಲ ರೀವರ್ಕ್ ಮಾಡ್ಬೋದು. ಆದ್ರೆ ಮನೇಲಿ ದಿನಾ ಮೇಂಟೆನೆನ್ಸ್ ನಿಮ್ದೇ."

ಒಂದು ಹಲ್ಲು ಹೋಯಿತು. ಅದನ್ನು ಕೀಳುವಾಗ ಇವರು ನನ್ನ ಬೆರಳು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಆಮೇಲೆ ನಾನು ಉಂಗುರ ತೆಗೆಯೋಕೆ ಸೋಪು ಹಚ್ಚಬೇಕಾಯಿತು. ಉಳಿದ ಹಲ್ಲುಗಳ ಬುಡವನ್ನು ಸ್ವಲ್ಪ ಸ್ವಲ್ಪವೇ, ಬೇರೆ ಬೇರೆ ದಿನ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕ್ಲೀನ್ ಮಾಡಿದರು. ಮೊದಲ ದಿನ ಅರ್ಧ ಬಾಯಿ ಮರಗಟ್ಟಿಸಿಕೊಂಡು ಮನೆಗೆ ಬಂದು, ತಮ್ಮ ತಾಯಿಗೆ ಎಲ್ಲವನ್ನೂ ವಿವರಿಸಲು ಹೊರಟರು. 'ವಸಡು' ಅನ್ನೋಕೂ ಬರಲಿಲ್ಲ, 'ಹಲ್ಲು' ಅನ್ನೋಕೂ ಬರಲಿಲ್ಲ. ನಮ್ಮತ್ತೆ ಗಾಬರಿಯಾಗಿ, "ಅಯ್ಯೋ, ಲಕ್ವ ಹೊಡೀತೇನಮ್ಮಿ ನನ್ ಮಗನಿಗೆ!" ಅಂತ ಕೂಗಿಕೊಂಡರು. ಮೇಲಿನಿಂದ ಹುಡುಗಿಯರು ಇಳಿದು ಬಂದರು. ಒಬ್ಬಳು ಆಂಬುಲೆನ್ಸಿಗೆ ಫೋನ್ ಹಚ್ಚುವುದನ್ನು ನಾನು ಹೋಗಿ ತಡೆದೆ.

ಇಂದಿರಾನಗರದ ಶುಗರ್ ಡಾಕ್ಟರ ಹತ್ತಿರ ಮತ್ತೆ ಹೋದದ್ದು ಕೆಲವು ತಿಂಗಳ ಮೇಲೆ. ಅಷ್ಟರಲ್ಲಿ ನನ್ನದು ಸುಮಾರಾಗಿ ಹತೋಟಿಗೆ ಬಂದಿತ್ತು. ಬ್ರಶ್ಶೂ ಬಿಳಿಯಾಗಿತ್ತು. ಇವರ ಮೂರು ತಿಂಗಳ ಸರಾಸರಿ ನೋಡುವ ಟೆಸ್ಟು ಈ ಸಲ ಸ್ವಲ್ಪ ಇಳಿದಿತ್ತು. ಭಾರೀ ಏನಲ್ಲ. ಡಾಕ್ಟರು ಮಾತ್ರೆ ಕಡಿಮೆ ಮಾಡಲಿಲ್ಲ. ಆದರೆ ಎಷ್ಟೋ ಕಾಲದ ಮೇಲೆ ಮೊದಲ ಸಲ, ಜಾಸ್ತಿಯೂ ಮಾಡಲಿಲ್ಲ.

"ಏನು ಬದಲಾಯಿಸಿದ್ರಿ?" ಅಂತ ಕೇಳಿದರು.

ನಮ್ಮನೆಯವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು, "ರೀವರ್ಕ್ ಮಾಡಿಸ್ದೆ ಸಾರ್" ಅಂದರು. ಆಮೇಲೆ ಬಾಯಿ ತೆರೆದು ತೋರಿಸಲು ಹೊರಟರು. ಬೇಡ ಬೇಡ ಅಂದರೂ ಡಾಕ್ಟರು ನೋಡಬೇಕಾಯಿತು. ನೋಡಿ, "ಒಳ್ಳೇದಾಯ್ತು. ವಸಡಿನ ಉರಿಯೂತ ಇಳಿದ್ರೆ ಇನ್ಸುಲಿನ್ ತನ್ನ ಕೆಲ್ಸ ಸ್ವಲ್ಪ ಸಲೀಸಾಗಿ ಮಾಡುತ್ತೆ. ಈಗ ಅಗಿದು ಊಟ ಮಾಡಕ್ಕಾಗ್ತಿದೆ ತಾನೇ? ಅದೂ ಮುಖ್ಯ" ಅಂದರು. ಉರಿಯೂತ ಅನ್ನುವ ಪದ ಎಂ.ಡಿ. ಓದಿದ ಡಾಕ್ಟರ ಬಾಯಲ್ಲಿ ಬಂದದ್ದಕ್ಕೆ ಇವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ದಾರಿಯುದ್ದಕ್ಕೂ ಆ ಹುಬ್ಬು ಕೆಳಗಿಳಿಯಲಿಲ್ಲ.

ಅಲ್ಲಿಂದ ಇವರ ಉಪದೇಶದ ದಿಕ್ಕೇ ಬದಲಾಯಿತು. ಬೆಳಗ್ಗೆ ಪಾರ್ಕಿನಲ್ಲಿ ವಾಕಿಂಗ್ ಬರುವ ಹಳೇ ಕಾರ್ಖಾನೆ ಗೆಳೆಯರನ್ನು ಕಲ್ಲು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, "ಬ್ರಶ್ ಮಾಡಿದ್ರೆ ರಕ್ತ ಬರುತ್ತೇನ್ರೀ? ಶುಗರ್ ಇದೆಯಾ? ಹಂಗಾದ್ರೆ ಹೋಗಿ ಅಳತೆ ತೆಗೆಸ್ಕೊಳ್ಳಿ ಗುರು" ಅಂತ ಶುರು ಮಾಡುತ್ತಾರೆ. ಕೆಲವರು ವಾಕಿಂಗನ್ನು ಸಂಜೆಗೆ ಬದಲಾಯಿಸಿಕೊಂಡಿದ್ದಾರೆ ಅಂತ ಕೇಳಿದೆ. ಇಬ್ಬರು ನಿಜವಾಗಿ ಡಾಕ್ಟರಮ್ಮನ ಹತ್ತಿರ ಹೋದರಂತೆ. ಡಾಕ್ಟರಮ್ಮ ನನಗೆ ಸಿಕ್ಕಾಗ, "ಮೇಡಂ, ನಿಮ್ಮೆಜಮಾನ್ರು ಕಳ್ಸಿದೋರು ಬರ್ತಿದ್ದ ಹಾಗೇ ಲೀಸ್ಟ್ ಕೌಂಟ್ ಕೇಳ್ತಾರೆ" ಅಂದರು.

ಹೋದ ತಿಂಗಳು ಕೆ.ಆರ್. ಪುರದಲ್ಲಿ ನನ್ನ ನಾದಿನಿಯ ಮನೆಯಲ್ಲಿ ಬಾಡೂಟ ಇತ್ತು. ನಮ್ಮತ್ತೆ ಬೆಳಗ್ಗೆಯೇ ಸೀರೆ ಉಟ್ಟು ರೆಡಿ. ಶಾಮಿಯಾನದ ಕೆಳಗೆ ಉದ್ದ ಸಾಲಿನಲ್ಲಿ ಕೂತೆವು; ಇವರು ನಡುವೆ, ಆ ಕಡೆ ಈ ಕಡೆ ನಾವಿಬ್ಬರು. ಮುದ್ದೆ ಬಂತು, ಬೋಟಿ ಬಂತು, ಮಟನ್ ಸಾರು ಬಂತು. ನಾನು ಅನ್ನ ಬೇಡ ಅಂದೆ, ಇವರೂ ಬೇಡ ಅಂದರು. ಬಡಿಸುವವರು ಇವರ ಎಲೆಗೆ ಒಂದು ದೊಡ್ಡ ನಳ್ಳಿ ಮೂಳೆ ಹಾಕಿ ಮುಂದೆ ಹೋದರು. ಪಕ್ಕದಲ್ಲಿ ನಾನು ಎಲೆಯಲ್ಲಿ ಜಾಗ ಮಾಡಿಕೊಂಡೆ, ಯಾವಾಗಲೂ ಅದು ನನ್ನ ಕಡೆಗೇ ಬರುತ್ತಿದ್ದದ್ದು.

ಬರಲಿಲ್ಲ. ಇವರು ಮೂಳೆಯನ್ನು ಕೈಯಲ್ಲಿ ಹಿಡಿದು, ಬಲಗಡೆ ಇಟ್ಟು, ಒಂದು ಸಲ ಹದವಾಗಿ ಒತ್ತಿ ನೋಡಿದರು. ಹಾಗೇ ತಡೆದರು. ಏನೂ ಆಗಲಿಲ್ಲ. ಆಮೇಲೆ ಕಡಿದರು. ಕಟಕ್ ಅಂತ ಸದ್ದು ಬಂತು. ನಮ್ಮತ್ತೆ ಬೋಟಿ ಬಿಟ್ಟು ತಲೆಯೆತ್ತಿ ನೋಡಿದರು. ಮೂಳೆಯ ತುದಿ ಬಾಯಿಗಿಟ್ಟು ನಮ್ಮನೆಯವರು ಒಳಗಿನ ಮಜ್ಜೆಯನ್ನು ಸುರ್ರೆಂದು ಎಳೆದರು. ಕಿವಿಯ ತನಕ ಸಾರು ಅಂಟಿತ್ತು.

"ಇನ್ನೊಂದು ಹಾಕಿಸ್ಲಾ?" ಅಂತ ಕೇಳಿದೆ.

ಬಾಯಿ ತುಂಬಿತ್ತು, ಮಾತಾಡೋಕೆ ಆಗಲಿಲ್ಲ. ತಲೆಯಾಡಿಸಿದರು. ನಾನು ಬಡಿಸುವವರನ್ನು ಕೂಗಿದೆ.